ಗಿಡಕ್ಕೆ ಬೇಸಿಗೆಯಲ್ಲೂ ನೀರು ಬೇಕು

ಮಾನ್ಯ ಸಂಪಾದಕರೇ,

ಅಸ್ಸಾಂನ ಜಾದವ್ ಪಾಯೆಂಗ್ 1979ರಿಂದ ಬ್ರಹ್ಮಪುತ್ರ ನದಿಯ ಮರಳುದಿಬ್ಬದಲ್ಲಿ ಗಿಡ ನೆಟ್ಟು ಕಾಡನ್ನೇ ಬೆಳೆಸಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲೂ ಅಂಥವರಿದ್ದಾರೆ. ನಮ್ಮೂರಿನ ಹಿರಿಯರೊಬ್ಬರು ಬೋಳುಗುಡ್ಡದಲ್ಲಿ ಬೇವು, ಹೊಂಗೆ, ಸೀತಾಫಲ ಹಚ್ಚಿದ್ದಾರೆ. ಅಲ್ಲಿ ಗುಂಡಿ ತೋಡಲು ಹಾರೆಯೇ ಬೇಕು, ಅಷ್ಟು ಗಟ್ಟಿ ನೆಲ. ಏಪ್ರಿಲ್, ಮೇ ಬಿಸಿಲಲ್ಲಿ ಕೊಡ ಹೊತ್ತು ನೀರು ಹಾಕುತ್ತಾರೆ. ಆಡು ಮೇಯದಂತೆ ಸುತ್ತ ಜಾಲಿ ಮುಳ್ಳು ಕಟ್ಟುತ್ತಾರೆ.

ಜೂನ್‌ನಲ್ಲಿ ಸಸಿ ನೆಡುವವರು ಜಾಸ್ತಿ, ಬೇಸಿಗೆಯಲ್ಲಿ ನೀರು ಹಾಕುವವರು ಕಡಿಮೆ. ಗಿಡ ಸಾಯುವುದು ಆಗಲೇ ಅಲ್ವಾ? ಎರಡು ಮೂರು ಬೇಸಿಗೆ ದಾಟಿದ ಬೇವು ತಾನೇ ಬದುಕಿಕೊಳ್ಳುತ್ತದೆ. ಅಲ್ಲಿಯವರೆಗೆ ಪಂಚಾಯಿತಿಗಳು ಇಂಥವರಿಗೆ ವಾರಕ್ಕೊಂದು ಟ್ಯಾಂಕರ್ ನೀರಾದರೂ ಕೊಡಲಿ.

– ಒಬ್ಬ ಓದುಗ, ಬೀದರ್ ತಾಲ್ಲೂಕು