ಹುಳುಕು ಹಲ್ಲು ಅನ್ನೋ ಮುಂಚೆ ಒಂದು ಎಕ್ಸ್‌ರೇ ತೆಗೆಸಿ

ಸಂಪಾದಕರಿಗೆ ನಮಸ್ಕಾರ,

ಮಕ್ಕಳ ಹುಳುಕು ಹಲ್ಲಿನ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ಲೇಖನ ಓದಿದೆ, ಚೆನ್ನಾಗಿತ್ತು, ಆದ್ರೆ ಬಣ್ಣಗೆಟ್ಟ ಹಲ್ಲೆಲ್ಲಾ ಚಾಕೊಲೇಟ್ ತಿಂದೇ ಹಾಳಾಗಿರುತ್ತೆ ಅಂತ ಯಾರೂ ಅಂದ್ಕೋಬಾರ್ದು, ಅದಕ್ಕೇ ನನ್ನ ಮಗಳ ವಿಷಯ ಬರೀತಿದೀನಿ.

ಅವಳಿಗೆ ಮೇಲ್ದವಡೆ ಬಲಗಡೆ ಹಾಲುಹಲ್ಲು ತುಂಬಾ ತಡವಾಗಿ ಬಂದ್ವು, ಬಂದಿದ್ದೂ ಹಳದಿ ಕಂದು ಬಣ್ಣ, ಒಡೆದ ಬೆಲ್ಲದಚ್ಚಿನ ಥರ ತರಿತರಿ. ಎಡಗಡೆ ಹಲ್ಲು ಮಾತ್ರ ಮಲ್ಲಿಗೆ ಮೊಗ್ಗಿನ ಹಾಗಿದ್ವು. ಎರಡು ವರ್ಷ ಮೂರು ಕ್ಲಿನಿಕ್ ಸುತ್ತಿದ್ವಿ, ಎಲ್ಲಾ ಕಡೆ ಹುಳುಕು ಅಂದ್ರು, ಫಿಲ್ಲಿಂಗ್ ಹಾಕಿದ್ರೆ ತಿಂಗಳೊಳಗೆ ಉದುರೋದು, ವಸಡು ಊದ್ಕೊಂಡು ಕೀವಾದ್ರೆ ಆಂಟಿಬಯೋಟಿಕ್ ಬರೆದು ಕಳಿಸೋರು. ಮನೇಲಿ, ಬಸುರಿಲಿ ನಾನು ಕ್ಯಾಲ್ಸಿಯಂ ಮಾತ್ರೆ ಸರಿಯಾಗಿ ನುಂಗಿಲ್ಲ ಅನ್ನೋ ಮಾತು.

ಕೊನೆಗೆ ಒಂದು ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಬಾಯಿ ನೋಡಿದ ಡಾಕ್ಟ್ರಮ್ಮ ಮೊದಲು ಇಡೀ ದವಡೆ ಎಕ್ಸ್‌ರೇ ತೆಗೆಸಿದ್ರು. ಎಡಗಡೆ ಹಲ್ಲೆಲ್ಲಾ ಬೆಳ್ಳಗೆ ಗಟ್ಟಿಯಾಗಿ ಕಾಣ್ತಿದ್ವು, ಬಲಗಡೆ ಮೇಲೆ ಬರೀ ಹಲ್ಲಿನ ಆಕಾರದ ತೆಳ್ಳನೆ ಗೆರೆ, ಒಳಗೆ ಟೊಳ್ಳು, ಮಂಜು ಕವಿದ ಹಾಗೆ. ರೀಜನಲ್ ಓಡೊಂಟೊಡಿಸ್‌ಪ್ಲೇಸಿಯಾ ಅಂದ್ರು. ಎಕ್ಸ್‌ರೇಲಿ ಹಾಗೆ ಕಾಣೋದ್ರಿಂದ ಇದಕ್ಕೆ ದೆವ್ವದ ಹಲ್ಲು ಅಂತಾನೂ ಹೆಸರಿದೆ, ಆ ಹೆಸರು ಮಗು ಕಿವಿಗೆ ಬೀಳಬಾರ್ದು ಅಂತ ಮನೇಲಿ ಹೇಳೇ ಇಲ್ಲ. ಹಲ್ಲಿನ ಗಟ್ಟಿ ಹೊರಪದರ ಎನಾಮೆಲ್ಲೂ ಅದರ ಒಳಪದರ ಡೆಂಟಿನ್ನೂ ಎರಡೂ ಸರಿಯಾಗಿ ಬೆಳೆದಿರಲ್ಲ, ಅದಕ್ಕೇ ಹುಳುಕಿಲ್ಲದಿದ್ರೂ ಕೀವಾಗುತ್ತೆ. ಸಾಮಾನ್ಯವಾಗಿ ಒಂದೇ ದವಡೆಯ ಒಂದೇ ಕಡೆ, ಮೇಲ್ದವಡೇಲೇ ಜಾಸ್ತಿ, ಆ ಜಾಗದಲ್ಲಿ ಮುಂದೆ ಬರೋ ಶಾಶ್ವತ ಹಲ್ಲಿಗೂ ಇರುತ್ತೆ. ಯಾಕೆ ಬರುತ್ತೆ ಅನ್ನೋದು ಇನ್ನೂ ಖಚಿತವಾಗಿಲ್ಲ, ವಂಶದಿಂದ ಬರೋದಲ್ಲ, ನಿಮ್ಮ ತಪ್ಪೇನೂ ಇಲ್ಲಮ್ಮ ಅಂದಾಗ ನಾನು ಅಲ್ಲೇ ಅತ್ತುಬಿಟ್ಟೆ.

ಕೀವಾಗಿದ್ದ ಹಲ್ಲು ಕೀಳಲೇಬೇಕಾಯ್ತು, ಉಳಿದ ಎರಡು ದವಡೆಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕಿದ್ರು, ಹಲ್ಲಿದ್ರೆ ಅಲ್ಲಿನ ಮೂಳೆನೂ ಉಳಿಯುತ್ತೆ, ಆದಷ್ಟು ದಿನ ಇರಲಿ ಅಂತ. ಖಾಲಿ ಜಾಗಕ್ಕೆ ತೆಗೆದು ಹಾಕೋ ಪುಟ್ಟ ಹಲ್ಲಿನ ಸೆಟ್ಟು. ದವಡೆ ಬೆಳೆದ ಹಾಗೆ ಅದನ್ನ ಬದಲಾಯಿಸ್ತಾ ಇರಬೇಕು, ದವಡೆ ಮೂಳೆಗೇ ಕೂರಿಸೋ ಇಂಪ್ಲಾಂಟ್ ಹಲ್ಲು ಏನಿದ್ರೂ ಬೆಳವಣಿಗೆ ಪೂರ್ತಿ ಮುಗಿದ ಮೇಲೆ.

ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿ, ಶಾಲೆಗೆ ಬರೋ ಸರ್ಕಾರದ ಆರ್‌ಬಿಎಸ್‌ಕೆ ತಂಡದೋರು ಮಕ್ಕಳ ಬಾಯೂ ನೋಡ್ತಾರಲ್ಲ, ಒಂದೇ ಕಡೆ ಹಲ್ಲು ಕೆಟ್ಟು ಇನ್ನೊಂದು ಕಡೆ ಚೆನ್ನಾಗಿದ್ರೆ, ಅಥವಾ ಹಲ್ಲು ಬರದೇ ವಸಡು ದಪ್ಪಗಾಗಿದ್ರೆ, ದಯವಿಟ್ಟು ಎಕ್ಸ್‌ರೇಗೆ ಕಳಿಸಿ. ಇನ್ನೊಂದು ಮಾತು, ವಯಸ್ಸಾದ ಬಿಪಿಎಲ್ ಕಾರ್ಡಿನೋರಿಗೆ ದಂತ ಭಾಗ್ಯದಲ್ಲಿ ಉಚಿತವಾಗಿ ಹಲ್ಲಿನ ಸೆಟ್ ಕೊಡ್ತಾ ಬಂದಿದೆ ಸರ್ಕಾರ, ಹುಟ್ಟಿನಿಂದಲೇ ಹೀಗಾಗಿರೋ ಮಕ್ಕಳನ್ನೂ ಅದಕ್ಕೆ ಸೇರಿಸಲಿ, ಒಂದೇ ಸಲಕ್ಕಲ್ಲ, ಬೆಳೆದು ದೊಡ್ಡೋರಾಗೋವರೆಗೆ ಬೇಕಾದಾಗೆಲ್ಲ ಸೆಟ್ ಬದಲಾಯಿಸಿ ಕೊಡೋ ಹಾಗೆ.

ಇಂತಿ,
ಒಬ್ಬ ತಾಯಿ, ತಿಪಟೂರು