ಗೋತ್ರ ಗೊತ್ತಿಲ್ಲದ ಗಾಡಿ

ಕವೆಂಟ್ರಿ, ಇಂಗ್ಲೆಂಡ್
ಭಾನುವಾರ ರಾತ್ರಿ

ಅಪ್ಪ, ಅಮ್ಮ,

ನಾನಿಲ್ಲಿ ಕ್ಷೇಮ. ನೀವೂ ಕ್ಷೇಮ ಅಂತ ಮೊನ್ನೆ ತಂಗಿ ಹೇಳಿದಳು. ಫೋನಿನಲ್ಲಾದರೆ ಅಪ್ಪನಿಗೆ ಅರ್ಧ ಕೇಳಿಸೋದಿಲ್ಲ, ಮಿಕ್ಕರ್ಧವನ್ನು ಅಮ್ಮ ತನಗೆ ಬೇಕಾದ ಹಾಗೆ ತರ್ಜುಮೆ ಮಾಡ್ತಾಳೆ. ಈ ವಿಷಯ ಹಾಗಾಗಬಾರದು ಅಂತ ಕಾಗದಕ್ಕೆ ಕೂತಿದ್ದೇನೆ.

ಮೊದಲು ತಪ್ಪೊಪ್ಪಿಗೆ. "ಆ ಗ್ಯಾರೇಜಿನ ಬಾಗಿಲು ಯಾವಾಗ ನೋಡಿದರೂ ಮುಚ್ಚಿರುತ್ತಲ್ಲ, ಏನಿಟ್ಟಿದೀಯೇ ಅದರೊಳಗೆ?" ಅಂತ ಅಮ್ಮ ಮೂರು ವರ್ಷದಿಂದ ಕೇಳ್ತಿದ್ದಾಳೆ. ಹಳೇ ಸೋಫಾ ಅಂತ ಹೇಳಿದ್ದೆ. ಸೋಫಾ ಅಲ್ಲ, ಕಾರು. ನಾನೇ ಕೂತು ಕಟ್ಟಿದ್ದು. ಇವತ್ತು ಬೆಳಿಗ್ಗೆ ಆರಕ್ಕೆ ಅದನ್ನು ರಸ್ತೆಗಿಳಿಸಿದೆ. ಅಮ್ಮ, ಕೈಕಾಲು ನೆಟ್ಟಗಿವೆ, ಮುಂದೆ ಓದು.

ಅಪ್ಪನಿಗೆ ಲೋಟಸ್ ಸೆವೆನ್ ಗೊತ್ತಿರುತ್ತೆ. 1957ರಲ್ಲಿ ಕಾಲಿನ್ ಚಾಪ್‌ಮನ್ ತಂದ ಎರಡು ಸೀಟಿನ ಬೋಳು ಗಾಡಿ: ಬಾಗಿಲಿಲ್ಲ, ಸೂರಿಲ್ಲ, ಉದ್ದ ಮೂತಿ, ಕಪ್ಪೆಕಣ್ಣಿನ ಹಾಗೆ ಹೊರಗೆ ನಿಂತ ಎರಡು ದೀಪ. ನಂದು ಅದರ ಪಡಿಯಚ್ಚು. ಚಾಸಿ 25 ಮಿ.ಮೀ. ಚೌಕ ಕೊಳವೆಗಳ ಪಂಜರ, ಬೆಸುಗೆ ಹಾಕಿದ್ದೇ ಕೊಂಡೆ. (ಅಷ್ಟು ಬೆಸುಗೆ ನನ್ನ ಕೈಲಾಗೋದಿಲ್ಲ, ಸುಳ್ಳು ಹೇಳಲಾರೆ.) ಎಂಜಿನ್ನು, ಡಿಫರೆನ್ಷಿಯಲ್ಲು, ಸ್ಟೀರಿಂಗ್ ರ‍್ಯಾಕು ತುಕ್ಕು ಹಿಡಿದ ಮಜ್ದಾ ಎಂಎಕ್ಸ್-5ಗಳಿಂದ ಬಂದವು. ಒಂದಲ್ಲ, ನಾಲ್ಕಾರು ಗಾಡಿ ಕೊರೆದಿದ್ದೇನೆ.

ಒಂದು ಕಥೆ ನಿನಗೆ ಹಿಡಿಸುತ್ತೆ ಅಪ್ಪ. ಆಗೆಲ್ಲ ಇಲ್ಲಿ ಹೊಸ ಕಾರಿನ ಮೇಲೆ ಖರೀದಿ ತೆರಿಗೆ ಜೋರಾಗಿತ್ತಂತೆ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅದಿಲ್ಲ. ಆದರೆ ಜೋಡಿಸೋ ವಿಧಾನ ಬರೆದುಕೊಡುವಂತಿಲ್ಲ ಅಂತ ನಿಯಮ. ಅದಕ್ಕೆ ಲೋಟಸ್‌ನವರು ಬಿಚ್ಚೋ ವಿಧಾನ ಬರೆದುಕೊಟ್ಟರಂತೆ, ಅದನ್ನು ಹಿಂದುಮುಂದಾಗಿ ಓದಿಕೊಂಡರೆ ಆಯ್ತು! ಇದನ್ನು ಕೇಳಿದ ದಿನ ನನಗೆ ನಮ್ಮ ಹನುಮಂತನಗರದ ಜಗಲಿ ನೆನಪಾಯ್ತು. ಫಿಯೆಟ್ಟಿನ ಕಾರ್ಬ್ಯುರೇಟರ್ ಬಿಚ್ಚಿ, ಪ್ರಜಾವಾಣಿ ಹಾಳೆಯ ಮೇಲೆ ಎಡದಿಂದ ಬಲಕ್ಕೆ ಒಂದೊಂದೇ ತಿರುಪು ಇಡ್ತಿದ್ದೆಯಲ್ಲ. "ಬಿಚ್ಚಿದ ಸಾಲಿನಲ್ಲೇ ಇಡು, ಬಲಗಡೆಯಿಂದ ಎತ್ತಿಕೊಂಡು ಬಾ." ಮೂರು ವರ್ಷ ನಾನು ಮಾಡಿದ್ದು ಅಷ್ಟೇ. ಹಾಳೆ ಮಾತ್ರ ಇಂಗ್ಲಿಷಿನದು.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಆ ಡಾಲ್ಫಿನ್ ಕಾರು.

ಕಾಂಪೌಂಡಿನ ಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಅದು ಎಷ್ಟು ವರ್ಷ ಇತ್ತು? ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಎಂಜಿನ್ ಇಳಿಸಿ, ಭಾನುವಾರ ಭಾನುವಾರ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂತ ಅಲೀತಿದ್ದೆ. ಪೀಣ್ಯದ ಶಿಫ್ಟ್ ಮುಗಿಸಿ ಬಂದು ರಾತ್ರಿ ಟಾರ್ಚ್ ಬೆಳಕಲ್ಲಿ ಕೂರ್ತಿದ್ದೆ. ಬಂದವರೆಲ್ಲ "ಮುಗೀತಾ?" ಅಂತ ಕೇಳೋರು. ಗೌರಿ ಹಬ್ಬಕ್ಕೆ ಬಂದ ನೆಂಟರ ಮುಂದೆ "ಅಪ್ಪಾ, ನಿನ್ನ ಡಾಲ್ಫಿನ್ ಈಜೋದು ಯಾವಾಗ?" ಅಂತ ಕೇಳಿ ಎಲ್ಲರನ್ನೂ ನಗಿಸಿದ್ದು ನಾನು. ಹನ್ನೆರಡು ವರ್ಷದವಳು. ನೀನೂ ನಕ್ಕೆ. ಆಮೇಲೆ ಟಾರ್ಪಾಲು ಎತ್ತಿದ್ದು ಕಡಿಮೆಯಾಯ್ತು, ಒಂದು ದಿನ ಗುಜರಿಯವನು ಬಂದ. ಈ ಮೂರು ವರ್ಷದಲ್ಲಿ "ಮುಗೀತಾ?" ಅಂತ ಯಾರಾದರೂ ಒಬ್ಬರು ಕೇಳಿದ್ದರೂ ನಾನು ಸ್ಪ್ಯಾನರ್ ಕೆಳಗಿಡ್ತಿದ್ದೆ. ಅದಕ್ಕೇ ಸೋಫಾ.

ವೈರಿಂಗ್ ಒಂದಕ್ಕೇ ಒಂದು ಇಡೀ ಚಳಿಗಾಲ ಹೋಯ್ತು. ಮಜ್ದಾದ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ನೆಲದ ಮೇಲೆ ಹರಡಿದರೆ ಅಮ್ಮ ಬಿಡಿಸಿಟ್ಟ ಶಾವಿಗೆ. ಏಸಿ, ರೇಡಿಯೊ, ಕಿಟಕಿ ಮೋಟಾರು ಯಾವುದೂ ಬೇಡ, ಒಂದೊಂದೇ ತಂತಿ ಹಿಂಬಾಲಿಸಿ ಕಿತ್ತೆ. ಇನ್ನು ಮೂತಿ ಫೈಬರ್‌ಗ್ಲಾಸಿನದು. ಕೈ ಜಾರಿ ಬೀಳಿಸಿ ಸೀಳಿದ್ದು ನಾನೇ. ರೆಸಿನ್‌ಗೆ ಹಾರ್ಡ್‌ನರ್ ಬೆರೆಸಿ ಕಲಸಿದ ತಕ್ಷಣ ಆ ವಾಸನೆ! ಡಾಲ್ಫಿನ್ನಿನ ಮಡ್‌ಗಾರ್ಡಿಗೆ ತೇಪೆ ಹಾಕುವಾಗ ಅಮ್ಮನ ಸ್ಟೀಲ್ ಬಟ್ಟಲಲ್ಲೇ ಕಲಸಿ, ಅದು ಕಲ್ಲಾಗಿ, ಎರಡು ದಿನ ನಿಮ್ಮಿಬ್ಬರಿಗೂ ಮಾತಿರಲಿಲ್ಲ. ನಾನು ಪ್ಲಾಸ್ಟಿಕ್ ಡಬ್ಬಿ ತಗೊಂಡೆ.

ಕಟ್ಟಿದ ಮಾತ್ರಕ್ಕೆ ಓಡಿಸೋ ಹಾಗಿಲ್ಲ. ನಮ್ಮಲ್ಲಂತೂ ಕಂಪನಿ ಕೊಟ್ಟ ಗಾಡಿಯ ಮೂಲ ವಿವರ ಬದಲಿಸೋಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡೋದಿಲ್ಲ. ಇಲ್ಲಿ ಒಂಟಿ ಗಾಡಿಗೇ ಅಂತ ಒಂದು ಸರ್ಕಾರಿ ಪರೀಕ್ಷೆ ಇದೆ, ಐವಿಎ ಅಂತಾರೆ. ಮೊದಲ ಸಲ ಫೇಲಾದೆ. ನನ್ನದೇ ತಪ್ಪು. ಹೊರಗೆ ಚಾಚಿದ ಅಂಚುಗಳು ಕನಿಷ್ಠ 2.5 ಮಿ.ಮೀ. ದುಂಡಗಿರಬೇಕು, ದಾರಿಹೋಕರಿಗೆ ತಾಗಿದರೆ ಕೊಯ್ಯಬಾರದು ಅಂತ. ಒಂದು ಬ್ರಾಕೆಟ್ ಮರೆತಿದ್ದೆ. ಇನ್ನೊಂದು, ತಿರುವಿನಲ್ಲಿ ಸ್ಟೀರಿಂಗ್ ಬಿಟ್ಟರೆ ತಾನಾಗಿ ನೇರವಾಗ್ತಿರಲಿಲ್ಲ. ನಿನ್ನ ಅಟ್ಲಾಸ್ ಸೈಕಲ್ಲು ಕೈಬಿಟ್ಟರೂ ನೆಟ್ಟಗೆ ಹೋಗ್ತಿತ್ತಲ್ಲ, ಹ್ಯಾಂಡಲ್ಲಿನ ಕಂಬ ಹಿಂದಕ್ಕೆ ವಾಲಿರೋದರಿಂದ. ಕಾರಿಗೂ ಅದೇ ವಾಲು ಬೇಕು. ಚಕ್ರ ಹಿಡಿದಿರೋ ಮೇಲಿನ ಕವಲುತೋಳಿನ (ವಿಶ್‌ಬೋನ್) ಹಿಂದಿದ್ದ ವಾಷರ್ ತೆಗೆದು ಮುಂದಕ್ಕೆ ಹಾಕಿದೆ, ಮೇಲಿನ ಕೀಲು ಒಂದಿಷ್ಟು ಹಿಂದೆ ಸರೀತು. ಎರಡು ರೂಪಾಯಿ ವಾಷರಿನ ಕೆಲಸ. ಎರಡನೇ ಸಲ ಪಾಸು.

ನಂಬರ್ ಪ್ಲೇಟು ‘ಕ್ಯೂ’ ಅಕ್ಷರದಿಂದ ಶುರುವಾಗುತ್ತೆ. ಗಾಡಿಯ ವಯಸ್ಸಾಗಲಿ ಮೂಲವಾಗಲಿ ಖಚಿತವಿಲ್ಲದಿದ್ದರೆ ಕೊಡೋ ನಂಬರು ಅದು. ಅಮ್ಮ, ನೀನು ಕೇಳೋದಕ್ಕೆ ಮುಂಚೆ ಹೇಳಿಬಿಡ್ತೀನಿ, ಗೋತ್ರ ಗೊತ್ತಿಲ್ಲ.

ಪೂಜೆ ಆಯ್ತು. ಗಾಳಿ ಆಂಜನೇಯನ ಗುಡಿ ಇಲ್ಲೆಲ್ಲಿ ತರಲಿ? ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಮೂತಿಗೆ ಕುಂಕುಮ ಇಟ್ಟೆ. ಬೂದುಗುಂಬಳ ಸಿಗಲಿಲ್ಲ. ಪಕ್ಕದ ಮನೆ ಅಜ್ಜಿ ಪರದೆ ಸರಿಸಿ ನೋಡ್ತಿದ್ದರು. ನಿಂಬೆಹಣ್ಣು ಪಚಕ್ ಅಂದಾಗ ಪರದೆ ಮುಚ್ಚಿಕೊಂಡಿತು.

ಓಡಿಸೋದು ಹೇಗಿತ್ತು ಅಂತ ಹೇಗೆ ಹೇಳಲಿ. ಅದರಲ್ಲಿ ಕೂರೋದಿಲ್ಲ, ಪಂಚೆ ಉಟ್ಟ ಹಾಗೆ ಸುತ್ತಿಕೊಳ್ಳಬೇಕು. ಕೈ ಹೊರಗೆ ಇಳಿಬಿಟ್ಟರೆ ರಸ್ತೆ ಸಿಗುತ್ತೆ. ಲಾರಿಯ ಚಕ್ರದ ನಟ್ಟು ನನ್ನ ಕಣ್ಣಿನ ಮಟ್ಟಕ್ಕೆ. ತೂಕ 600 ಕೆ.ಜಿ.ಗಿಂತ ಕಡಿಮೆ, ನಮ್ಮ ಮಾರುತಿ 800ಕ್ಕಿಂತ ಹಗುರ. ಎಂಜಿನ್ನು ಮಾತ್ರ 1.6 ಲೀಟರಿಂದು. ಎರಡನೇ ಗೇರಿನಲ್ಲಿ ಸ್ವಲ್ಪ ಒತ್ತಿದೆ ಅಷ್ಟೇ, ಬೆನ್ನು ಸೀಟಿಗೆ ಅಂಟಿಕೊಂಡಿತು, ನನಗೆ ಗೊತ್ತಿಲ್ಲದೆ ಕೂಗಿಬಿಟ್ಟಿದ್ದೆ. ಆಮೇಲೆ ನೋಡಿದರೆ ಎರಡು ಮೈಲಿಯಿಂದ ಎಡಗಡೆ ಇಂಡಿಕೇಟರ್ ಹಾಕಿಕೊಂಡೇ ಹೋಗ್ತಿದ್ದೇನೆ. ಇದರಲ್ಲಿ ಅದು ತಾನಾಗಿ ಆರೋದಿಲ್ಲ.

ಹತ್ತು ಮೈಲಿ ಆಗಿತ್ತು, ರಸ್ತೆ ದುರಸ್ತಿಯ ಕಡೆ ಕೆಂಪು ದೀಪ. ನಿಂತೆ. ಗಾಳಿ ನಿಂತಿತು, ಉಷ್ಣಾಂಶದ ಮುಳ್ಳು ಏರೋಕೆ ಶುರುವಾಯ್ತು. ಫ್ಯಾನ್ ತಿರುಗ್ತಿಲ್ಲ. ಪಕ್ಕಕ್ಕೆ ಹಾಕಿ, ಆರಿಸಿ, ಮೂತಿ ತೆಗೆದೆ. ಫ್ಯೂಸ್ ಸರಿ, ರಿಲೇ ಟಕ್ ಅಂತಿದೆ. ಗ್ಯಾರೇಜಿನಲ್ಲಿ ತಿರುಗಿತ್ತಲ್ಲ ಅಂತ ಅಳು ಬರೋದೊಂದು ಬಾಕಿ. ಆಗ ಅರ್ತ್ ತಂತಿ ನೋಡಿದೆ. ಚಾಸಿಯ ಪೌಡರ್ ಕೋಟಿಂಗ್ ಮೇಲೇ ಬೋಲ್ಟ್ ಬಿಗಿದಿದ್ದೆ, ಆ ಬಣ್ಣ ಕರೆಂಟು ಬಿಡೋದಿಲ್ಲ. ಬೋಲ್ಟಿನ ಎಳೆಯಲ್ಲಿ ಎಲ್ಲೋ ಒಂಚೂರು ಲೋಹ ತಾಗಿ ಇಷ್ಟು ದಿನ ನಡೆದಿತ್ತು, ಅದುರಾಟಕ್ಕೆ ಸಡಿಲವಾಯ್ತು. "ಕರೆಂಟು ಹೋದರೆ ಸಾಲದು, ವಾಪಸ್ ಬರೋಕೆ ದಾರಿ ಇರಬೇಕು" ಅಂತ ನೀನು ಮಿಕ್ಸಿ ರಿಪೇರಿ ಮಾಡುವಾಗ ಹೇಳ್ತಿದ್ದೆ. (ಅಮ್ಮ, ಇದನ್ನೇ ಹಿಡಿದುಕೊಂಡು ‘ನೀನು ವಾಪಸ್ ಬರೋದು ಯಾವಾಗ’ ಅಂತ ಶುರು ಮಾಡಬೇಡ.) ಮನೆ ಬೀಗದ ಕೈಯಿಂದ ಬಣ್ಣ ಕೆರೆದು ಬಿಗಿದೆ. ಫ್ಯಾನ್ ಭರ್ರ್ ಅಂತು.

ಅಲ್ಲಿಂದ ಎಲ್ಲಿಗೆ ಹೋದೆ ಗೊತ್ತಾ? ಟ್ಯಾಮ್‌ವರ್ತ್. ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ರಿಲಯಂಟ್ ಕಾರ್ಖಾನೆ ಇದ್ದ ಊರು. ಅವರ ಕಿಟನ್ ಕಾರಿನ ವಿನ್ಯಾಸದಿಂದಲೇ ನಮ್ಮ ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಡಾಲ್ಫಿನ್ ಮಾಡಿದ್ದು, ಅದೇ 848 ಸಿಸಿ ಎಂಜಿನ್ನು, ಅದೇ ಫೈಬರ್ ಮೈ. ಅಲ್ಲೀಗ ಕಾರ್ಖಾನೆ ಇಲ್ಲ, ಸಾಲು ಮನೆಗಳು. ಒಬ್ಬ ಹುಡುಗ ಸೈಕಲ್ ನಿಲ್ಲಿಸಿ ಗಾಡಿ ಸುತ್ತ ಒಂದು ಸುತ್ತು ಬಂದ, ಏನೂ ಕೇಳದೆ ಹೋದ. ನಾನು ಬಾನೆಟ್ ಮೇಲೆ ಡಬ್ಬಿ ಇಟ್ಟುಕೊಂಡು ಪುಳಿಯೋಗರೆ ತಿಂದೆ. ಎಂಜಿನ್ ಬಿಸಿಗೆ ಅದೂ ಬೆಚ್ಚಗಾಗಿತ್ತು. ಫೋಟೊ ತಂಗಿಯ ಫೋನಿಗೆ ಕಳಿಸಿದ್ದೇನೆ.

ಈಗ ಕೆಲಸದ ಮಾತು. ವಾಪಸ್ ಬರುವಾಗ ಒಂದು ಸದ್ದು ಶುರುವಾಗಿದೆ. ರೆಕಾರ್ಡ್ ಕಳಿಸಿದರೆ ನಿನಗೆ ಕೇಳಿಸೋದಿಲ್ಲ, ಬರೆದೇ ಹೇಳ್ತೀನಿ. ನ್ಯೂಟ್ರಲ್‌ನಲ್ಲಿ ನಿಂತಾಗ ಡಬ್ಬದಲ್ಲಿ ಹುರಿಗಡಲೆ ಅಲ್ಲಾಡಿಸಿದ ಹಾಗೆ. ಕ್ಲಚ್ ಒತ್ತಿದರೆ ನಿಲ್ಲುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ನಿನ್ನ ಹಾಗೆ ಉದ್ದ ಸ್ಕ್ರೂಡ್ರೈವರ್ ತುದಿ ಗೇರ್‌ಬಾಕ್ಸಿಗಿಟ್ಟು ಹಿಡಿ ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಿದೆ, ಮುಂಭಾಗದಲ್ಲೇ ಜೋರು. ಎಣ್ಣೆ ಮಟ್ಟ ಸರಿ ಇದೆ. ಇನ್‌ಪುಟ್ ಶಾಫ್ಟ್ ಬೇರಿಂಗ್ ಅಂತ ನನ್ನ ಊಹೆ. ಎಂಜಿನ್ ಇಳಿಸದೆ ಆಗೋ ಕೆಲಸವಲ್ಲ ಅದು. ನೀನೇನಂತೀಯ? ತಂಗಿ ಕೈಲಿ ಬರೆಸಬೇಡ, ನೀನೇ ಬರಿ. ನಿನ್ನ ಉತ್ತರ ಬರೋವರೆಗೂ ಬಿಚ್ಚೋದಿಲ್ಲ.

ನಿನ್ನ
ಪುಟ್ಟಿ