ನಿಂತ ವಿಮಾನದಲ್ಲೂ ಕೆಲಸ ಇರುತ್ತದೆ

ಮಾನ್ಯರೇ,

ನಾನು ಗಗನಸಖಿ. ನಮಗೆಲ್ಲ ಕಾರ್ಮಿಕ ಸಂಘ ಯಾಕೆ, ಬೇಡ ಎನ್ನುವವರಿಗೆ ಈ ಪತ್ರ. ಚಳಿಗಾಲದಲ್ಲಿ ದೇವನಹಳ್ಳಿ ಕಡೆ ಮಂಜು ಕವಿದರೆ ಪ್ರಯಾಣಿಕರನ್ನು ಕೂರಿಸಿಕೊಂಡು ನಿಂತಲ್ಲೇ ನಿಲ್ಲುತ್ತೇವೆ. ನೀರು ಕೊಡಬೇಕು, ಅಳುವ ಮಗುವಿನ ತಾಯಿಗೆ ಸಮಾಧಾನ ಹೇಳಬೇಕು, ಬೈಗುಳವನ್ನೂ ಕೇಳಬೇಕು. ಹಾರಾಟದ ಭತ್ಯೆ ಮಾತ್ರ ವಿಮಾನ ಕದಲಿದ ಮೇಲೆಯೇ ಶುರು! 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸಿಬ್ಬಂದಿ ಮುಷ್ಕರ ಹೂಡಿದ್ದು ಮುಖ್ಯವಾಗಿ ಇದಕ್ಕೇ.

ನಮ್ಮಲ್ಲೀಗ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಇರಲಿ, ಪ್ರಯಾಣಿಕರಿಗೆ ತೊಂದರೆ ಕೊಡುವುದು ನನಗೂ ಇಷ್ಟವಿಲ್ಲ. ಆದರೆ ಸಂಘವೇ ಬೇಡ ಅಂದರೆ ಹೇಗೆ? 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ತೆಗೆದುಹಾಕಿದ್ದ 25 ಮಂದಿಗೆ ಕೆಲಸ ವಾಪಸ್ ಸಿಕ್ಕಿದ್ದು ಕಾರ್ಮಿಕ ಆಯುಕ್ತರ ಎದುರು ಸಂಘದ ಜೊತೆ ಮಾತುಕತೆ ನಡೆದ ಮೇಲೆ. ಒಬ್ಬೊಬ್ಬರೇ ಹೋಗಿ ಎಚ್‌ಆರ್ ಮುಂದೆ ನಿಂತಿದ್ದರೆ ಆಗುತ್ತಿತ್ತಾ?

– ಒಬ್ಬ ಗಗನಸಖಿ, ಯಲಹಂಕ, ಬೆಂಗಳೂರು